ಗಾಣಗಾಪುರದಲ್ಲಿ ಕನ್ನಡ ಗುರುಚರಿತ್ರೆ ಕೊಳ್ಳುವವರಿಗೆ

ಕಲಬುರಗಿ ಜಿಲ್ಲೆಯ ದತ್ತಕ್ಷೇತ್ರ ದೇವಲ ಗಾಣಗಾಪುರದ ಮಠಕ್ಕೆ ಹೋಗುವ ಓಣಿಯಲ್ಲಿ ಕನ್ನಡ ಗುರುಚರಿತ್ರೆ ಕೇಳಿದರೆ ಅಂಗಡಿಯವರು ಮೂರು ಬಗೆಯ ಪುಸ್ತಕ ತೆಗೆದು ಮುಂದಿಡುತ್ತಾರೆ. ಒಂದು, ಕೆಂಪು ರಟ್ಟಿನ ದಪ್ಪ ಪಾರಾಯಣ ಗ್ರಂಥ. ಇನ್ನೊಂದು, ಅದರ ಅರ್ಧ ದಪ್ಪದ ಗದ್ಯಾನುವಾದ. ಮೂರನೆಯದು ಅಂಗೈ ಅಗಲದ ಸಾರಸಂಗ್ರಹ. ಮೂರನ್ನೂ ಕೊಂಡು ಓದಿದ್ದೇನೆ. ಕೊಳ್ಳುವುದಾದರೆ ಗದ್ಯದ್ದನ್ನು ಕೊಳ್ಳಿ. ಮಿಕ್ಕ ಮಾತು ಅವಸರವಿಲ್ಲದವರಿಗೆ.

ನಮ್ಮದು ದತ್ತ ಸಂಪ್ರದಾಯದ ಮನೆಯಲ್ಲ. ಆಳಂದ ತಾಲ್ಲೂಕಿನ ಒಕ್ಕಲುತನದ ಮನೆ. ಶ್ರಾವಣದ ಸಂಜೆಗಳಲ್ಲಿ ಮಠದ ಅಂಗಳದಲ್ಲಿ ಶರಣಬಸವೇಶ್ವರರ ಪುರಾಣ ಕೇಳಿ ಬೆಳೆದವರು. ನಾನು ಅದೇ ತಾಲ್ಲೂಕಿನ ಶಾಲೆಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾಗಿ ಈಗ ಕಲಬುರಗಿಯಲ್ಲಿದ್ದೇನೆ. ಆದರೆ ಗುರುವಾರ ಗಾಣಗಾಪುರಕ್ಕೆ ಹೋಗಿ, ಕಿಂಡಿಯೊಳಗಿಂದ ನಿರ್ಗುಣ ಪಾದುಕೆಗಳನ್ನು ಕಂಡು ಬರುವುದಕ್ಕೆ ನಮ್ಮ ಭಾಗದಲ್ಲಿ ಯಾರೂ ಮನೆತನ ಕೇಳುವುದಿಲ್ಲ. ಮನೆಯಲ್ಲಿ ಅತ್ತೆಯವರಿದ್ದಾರೆ. ಪೊರೆ ತೆಗೆಸಿದ ಮೇಲೂ ಅವರ ಕಣ್ಣು ಅಕ್ಷರ ಹಿಡಿಯುವುದಿಲ್ಲ. ಹಿಡಿದರೂ ಎರಡನೆಯ ಇಯತ್ತೆಗೇ ಶಾಲೆ ಬಿಟ್ಟವರು, ಓದುವ ರೂಢಿಯಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅವರಿಗೆ ಏನಾದರೂ ಓದಿ ಹೇಳಬೇಕು. ಹೀಗಾಗಿ ನಾನು ಪುಸ್ತಕ ಅಳೆಯುವುದು ಒಂದೇ ಗಜದಲ್ಲಿ: ಗಟ್ಟಿಯಾಗಿ ಓದಿದರೆ ಕೇಳುವವರು ಕುಳಿತಿರುತ್ತಾರೆಯೇ, ಎದ್ದು ಹೋಗುತ್ತಾರೆಯೇ? ಅರಿಶಿನ ಬಟ್ಟೆ ಸುತ್ತಿ ದೇವರ ಕೋಣೆಯಲ್ಲಿ ಇಡಲು ಪುಸ್ತಕ ಹುಡುಕುವವರಿಗೆ ಈ ಬರಹದಿಂದ ಉಪಯೋಗ ಕಡಿಮೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಗುರುಚರಿತ್ರೆ ಮೂಲದಲ್ಲಿ ಮರಾಠಿ ಗ್ರಂಥ, ಓವಿ ಛಂದಸ್ಸಿನದು, ಏಳು ಸಾವಿರಕ್ಕೂ ಮಿಕ್ಕ ಓವಿಗಳು. ಸಿದ್ಧಮುನಿ ಹೇಳುತ್ತಾ ಹೋಗುತ್ತಾನೆ, ನಾಮಧಾರಕನೆಂಬ ಶಿಷ್ಯ ಕೇಳುತ್ತಾ ಹೋಗುತ್ತಾನೆ. ಜ್ಞಾನಕಾಂಡ, ಕರ್ಮಕಾಂಡ, ಭಕ್ತಿಕಾಂಡ ಎಂದು ಮೂರು ಭಾಗ. ಅಧ್ಯಾಯಗಳನ್ನು ಕೆಲವರು 51 ಎನ್ನುತ್ತಾರೆ, ಕೆಲವರು 52, ಕೊನೆಯಲ್ಲಿ ಕಥಾಸಾರ ಹೇಳುವ ಅವತರಣಿಕೆಯನ್ನೂ ಸೇರಿಸಿದವರು 53. ಮೊದಲು ಕೃಷ್ಣೆಯ ನಡುಗಡ್ಡೆ ಕುರುಗಡ್ಡೆಯಲ್ಲಿದ್ದ ಶ್ರೀಪಾದ ಶ್ರೀವಲ್ಲಭರ ಕಥೆ, ಅನಂತರ ಅವರದೇ ಮುಂದಿನ ಅವತಾರವೆನ್ನುವ, ಕಾರಂಜದಲ್ಲಿ ಹುಟ್ಟಿ, ಔದುಂಬರ, ನರಸೋಬಾವಾಡಿಗಳನ್ನು ದಾಟಿ, ಗಾಣಗಾಪುರದ ಭೀಮಾ ಅಮರಜಾ ಸಂಗಮಕ್ಕೆ ಬಂದು ನಿಂತ ನರಸಿಂಹ ಸರಸ್ವತಿಗಳ ಕಥೆ. ಮುಂದೆ ಬರೀ ಗುರುಗಳು ಎಂದರೆ ಇವರೇ. ಗ್ರಂಥದ ಹೆಚ್ಚಿನ ಪಾಲು ಈ ಎರಡನೆಯವರದು, ಅದರಲ್ಲೂ ಗಾಣಗಾಪುರದ್ದು.

ಇದನ್ನು ಮಹಾರಾಷ್ಟ್ರದವರ ಗ್ರಂಥ ಎಂದು ನಮ್ಮವರೇ ದೂರ ಇಟ್ಟಿರುವುದು ನನಗೆ ಅರ್ಥವಾಗದ ಸಂಗತಿ. ಬರೆದವನು ಸರಸ್ವತಿ ಗಂಗಾಧರ, 16ನೆಯ ಶತಮಾನದವನು. ತನಗೆ ಮರಾಠಿ ಬಾರದು ಎಂದು ಆತನೇ ಗ್ರಂಥದೊಳಗೆ ವಿನಯದಿಂದ ಹೇಳಿಕೊಂಡಿದ್ದಾನೆ. ಅವನ ಪೂರ್ವಜ ಸಾಯಂದೇವ, ನರಸಿಂಹ ಸರಸ್ವತಿಗಳ ಕಣ್ಣೆದುರಿನ ಶಿಷ್ಯ. ಸಾಯಂದೇವನ ಮಗ ನಾಗನಾಥ, ಅವನ ಮಗ ದೇವರಾವ, ಅವನ ಮಗ ಗಂಗಾಧರ, ಅವನ ಮಗ ಈ ಸರಸ್ವತಿ. ಇವರ ಊರು ಕಡಗಂಚಿ ಎನ್ನುತ್ತದೆ ಸಂಪ್ರದಾಯ. ಅದೇ ಕಡಗಂಚಿ, ಕಲಬುರಗಿಯಿಂದ ಆಳಂದಕ್ಕೆ ಹೋಗುವ ದಾರಿಯದು, ಈಗ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು. ಆ ಬಸ್ಸಿನಲ್ಲಿ ಎಷ್ಟೋ ವರ್ಷ ಓಡಾಡಿದ ನನಗೆ, ಮರಾಠಿ ಸೀಮೆಯ ಮನೆಮನೆಯಲ್ಲಿ ಪಾರಾಯಣವಾಗುವ ಗ್ರಂಥ ಹೊರಟ ಊರು ಇದು ಎಂದು ಯಾವ ಪಠ್ಯಪುಸ್ತಕವೂ ಹೇಳಿರಲಿಲ್ಲ. ಊರಿನ ದತ್ತ ಮಂದಿರಕ್ಕೆ ಪುಣೆ, ಕೊಲ್ಹಾಪುರದ ಭಕ್ತರು ಹುಡುಕಿಕೊಂಡು ಬರುತ್ತಾರೆ. ನಮ್ಮ ಮಕ್ಕಳು ಅದೇ ಊರಿನಲ್ಲಿ ಬಸ್ಸಿಳಿದು ವಿಶ್ವವಿದ್ಯಾಲಯಕ್ಕೆ ಹೋಗುತ್ತಾರೆ.

ಪಾರಾಯಣ ಗ್ರಂಥದಿಂದ ಶುರು ಮಾಡುತ್ತೇನೆ, ಏಕೆಂದರೆ ಹೆಚ್ಚಿನವರು ಕೊಳ್ಳುವುದು ಅದನ್ನು. ನಾನು ಕೊಟ್ಟದ್ದು 450 ರೂಪಾಯಿ. ರಟ್ಟು ಗಟ್ಟಿ, ಹೊಲಿಗೆಯೂ ಗಟ್ಟಿ, ಪೀಠದ ಮೇಲೆ ಬಿಡಿಸಿಟ್ಟರೆ ಮಡಚಿಕೊಳ್ಳದೆ ಅಂಗಾತ ಮಲಗುತ್ತದೆ. ಈ ಒಂದು ಗುಣಕ್ಕೆ ಪೂರ್ತಿ ಅಂಕ. ಕಾಗದ ಮಾತ್ರ ತೀರಾ ತೆಳು. ಹಿಂದಿನ ಪುಟದ ಅಕ್ಷರ ಮುಂದಿನ ಪುಟದಲ್ಲಿ ಇಣುಕುತ್ತದೆ. ಓವಿಯನ್ನು ಕನ್ನಡ ಪದ್ಯಕ್ಕೆ ತರುವ ಹಟದಲ್ಲಿ ಅನುವಾದಕರು ಏನೋ ಒಂದು ಧಾಟಿ ಹಿಡಿದಿದ್ದಾರೆ. ಅದು ಓವಿಯೂ ಅಲ್ಲ, ನಮ್ಮ ಷಟ್ಪದಿಯೂ ಅಲ್ಲ. ಪ್ರಾಸ ಸಿಗಲೆಂದು ಕ್ರಿಯಾಪದವನ್ನು ಎಲ್ಲೆಲ್ಲಿಗೋ ಎಳೆದೊಯ್ದು ಕಟ್ಟಿದ್ದಾರೆ. ಸಂಧಿ ಬಿಡಿಸುವ ಗೊಡವೆಗೆ ಹೋಗಿಲ್ಲ. ಭಾಮಿನಿಯನ್ನು ರಾಗವಾಗಿ ಓದಬಲ್ಲ ಗಂಟಲು ನನ್ನದು. ಇದನ್ನು ಓದುವಾಗ ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ತಿಳಿಯದೆ ಒದ್ದಾಡಿದೆ. ಅತ್ತೆಯವರು ಎರಡನೆಯ ಅಧ್ಯಾಯದಲ್ಲೇ "ಯಾರು ಯಾರಿಗೆ ಹೇಳುತ್ತಿದ್ದಾರೆ?" ಎಂದು ಕೇಳಿದರು. ಆ ಪುಟದಲ್ಲಿ ಅದು ನ್ಯಾಯವಾದ ಪ್ರಶ್ನೆ.

ಮೊದಲ ಹಲವು ಪುಟಗಳು ನಿಯಮಗಳಿಗೆ ಮೀಸಲು. ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ ಕೂರಬೇಕು, ನಡುವೆ ಮಾತಾಡಬಾರದು, ಏಳುವಂತಿಲ್ಲ, ವ್ರತದ ಸಪ್ಪೆ ಊಟವಾದ ಹವಿಷ್ಯಾನ್ನ, ನೆಲದ ಮೇಲೆ ಚಾಪೆ, ಎಡಮಗ್ಗುಲಿಗೆ ನಿದ್ದೆ. ವ್ರತ ಹಿಡಿದವರಿಗೆ ಇದೆಲ್ಲ ಬೇಕು, ತಕರಾರಿಲ್ಲ. ಸಪ್ತಾಹದ ಪಟ್ಟಿಯೂ ಇದೆ: ಮೊದಲ ದಿನ 9ರವರೆಗೆ, ಎರಡನೆಯ ದಿನ 21ರವರೆಗೆ, ಮುಂದೆ 29, 35, 38, 43, ಏಳನೆಯ ದಿನ ಮುಕ್ತಾಯ. ಐದನೆಯ ದಿನಕ್ಕೆ ಮೂರೇ ಅಧ್ಯಾಯ ಎಂದು ಖುಷಿಪಡಬೇಡಿ. ಅದರಲ್ಲಿ 36ನೆಯದು ಇದೆ. ಹಲ್ಲುಜ್ಜುವ ಕಡ್ಡಿ ಯಾವ ಗಿಡದ್ದು, ಸ್ನಾನ ಹೇಗೆ, ಯಾರ ಮನೆಯ ಅನ್ನ ಆಗುತ್ತದೆ, ಯಾರದು ಆಗುವುದಿಲ್ಲ ಎಂದು ಗ್ರಂಥ ಇಡೀ ಆಚಾರಧರ್ಮವನ್ನು ಅಲ್ಲಿ ಹರವಿಕೊಂಡು ಕೂರುತ್ತದೆ. ನಮ್ಮ ಮನೆಯಲ್ಲಿ ಆ ಸಂಜೆ ಅತ್ತೆಯವರು ಕುಳಿತಲ್ಲೇ ನಿದ್ದೆ ಹೋದರು. ಎಡಮಗ್ಗುಲಿಗೋ ಬಲಮಗ್ಗುಲಿಗೋ ನೋಡಲಿಲ್ಲ.

ನಿಯಮಗಳ ನಡುವೆ ಇನ್ನೊಂದು ಸಾಲು ದಪ್ಪ ಅಕ್ಷರದಲ್ಲಿದೆ: ಸ್ತ್ರೀಯರು ಈ ಗ್ರಂಥದ ಪಾರಾಯಣ ಮಾಡತಕ್ಕದ್ದಲ್ಲ. ಅಂಗಡಿಯಲ್ಲಿಯೂ ಇದೇ ಮಾತು ಬಂತು. "ಯಜಮಾನರಿಗೆ ಒಯ್ಯುತ್ತೀರಾ ಅಕ್ಕಾ?" ಎಂದ ಅಂಗಡಿಯ ಹುಡುಗ. ನನಗೇ ಎಂದೆ. ಅವನು ಗದರಲಿಲ್ಲ, ಮುಖ ಸಿಂಡರಿಸಲೂ ಇಲ್ಲ. ಸುಮ್ಮನೆ ಸಾರಸಂಗ್ರಹವನ್ನು ಮುಂದೆ ಸರಿಸಿ "ಹೆಣ್ಣುಮಕ್ಕಳು ಇದನ್ನು ಓದುತ್ತಾರೆ" ಎಂದ. ಮೂರನ್ನೂ ಕಟ್ಟಿಕೊಡು ತಮ್ಮಾ ಎಂದೆ. ಅವನು ವ್ಯಾಪಾರಿ, ಕಟ್ಟಿಕೊಟ್ಟ.

ಈ ನಿಷೇಧಕ್ಕೆ ಆಧಾರ ಎಲ್ಲಿದೆ ಎಂದು ಕೇಳಿದರೆ ಬಲ್ಲವರು 35ನೆಯ ಅಧ್ಯಾಯ ತೋರಿಸುತ್ತಾರೆ. ಅಲ್ಲಿ ಒಬ್ಬ ಹೆಣ್ಣುಮಗಳು ಗುರುಗಳಲ್ಲಿ ಮಂತ್ರೋಪದೇಶ ಬೇಡುತ್ತಾಳೆ. ಹೆಂಗಸರಿಗೆ ಮಂತ್ರ ಕೊಡುವುದಿಲ್ಲ ಎಂದು ಗುರುಗಳು ಕಚ ದೇವಯಾನಿಯರ ಕಥೆ ಹೇಳಿ, ಸೋಮವಾರದ ವ್ರತ ಕೊಟ್ಟು ಕಳಿಸುತ್ತಾರೆ. ಕಾಲದ ಮಾತು, ಒಪ್ಪುವವರು ಒಪ್ಪಲಿ. ಆದರೆ ಅದು ಮಂತ್ರದ ಬಗ್ಗೆ ಹೇಳಿದ್ದು, ಈ ಪುಸ್ತಕ ಓದುವ ಬಗ್ಗೆ ಅಲ್ಲ. ಗ್ರಂಥದ ತುಂಬ ಹೆಂಗಸರೇ ಇದ್ದಾರಲ್ಲ! ಗೊಡ್ಡೆಮ್ಮೆಯ ಕೆಚ್ಚಲಿಗೆ ಕೈ ಹಾಕಿ ಎರಡು ಪಾತ್ರೆ ಹಾಲು ಕರೆದವಳು ಹೆಂಡತಿ; ಗಂಡ ಆ ಹೊತ್ತಿಗೆ ಮನೆಯಲ್ಲೇ ಇರಲಿಲ್ಲ. ಮಾಹುರದಿಂದ ರೋಗಿ ಗಂಡನನ್ನು ಅಷ್ಟು ದೂರ ಕರೆತಂದು, ಗಾಣಗಾಪುರ ಮುಟ್ಟುವ ಹೊತ್ತಿಗೆ ಅವನು ಸತ್ತಾಗ, ಗುರುಗಳ ಮುಂದೆ ಬಂದು ನಿಂತವಳು ಹೆಂಗಸು. ಅರುವತ್ತು ದಾಟಿದ ಮೇಲೆ ಮಕ್ಕಳ ಆಸೆ ಬಿಡದವಳೂ ಹೆಂಗಸೇ. ಇವರೆಲ್ಲ ಪುಸ್ತಕದೊಳಗೆ ಬರಬಹುದು, ಪುಸ್ತಕ ಬಿಡಿಸಬಾರದು ಎಂಬ ಲೆಕ್ಕ ನನಗೆ ಹತ್ತುವುದಿಲ್ಲ. ಗದ್ಯಾನುವಾದದ ಮುನ್ನುಡಿಯಲ್ಲಿ ಈ ಸಾಲೇ ಇಲ್ಲ. ಅದನ್ನು ಮೆಚ್ಚಲು ನನಗಿರುವ ಕಾರಣಗಳಲ್ಲಿ ಇದೂ ಒಂದು.

ಇನ್ನು ಆ ಗದ್ಯ. ಬೆಲೆ 250. ಅಕ್ಷರ ದೊಡ್ಡದು, ಸಾಲುಗಳ ನಡುವೆ ಗಾಳಿಯಾಡುತ್ತದೆ, ವಾಕ್ಯಗಳು ಚಿಕ್ಕವು. ಅನುವಾದಕರು ಪಂಡಿತರಲ್ಲ ಎಂದು ತಿಳಿಯುತ್ತದೆ, ಅದೇ ಒಳ್ಳೆಯದಾಗಿದೆ. ಕಥೆಯನ್ನು ಕಥೆಯಾಗಿ ಹೇಳುತ್ತಾರೆ. ಯಾರೋ ಬಂದರು, ಗುರುಗಳು ಹೀಗೆಂದರು, ಹೀಗಾಯಿತು. ಬೇಕಾದ ಕಡೆ ಸ್ತೋತ್ರ, ಬೇಡದ ಕಡೆ ಇಲ್ಲ. 18ನೆಯ ಅಧ್ಯಾಯದ ಬಡ ಬ್ರಾಹ್ಮಣನ ಮನೆಯ ಪ್ರಸಂಗ ಒಂದೂವರೆ ಪುಟದಲ್ಲಿ ಮುಗಿದುಹೋಗುತ್ತದೆ. ಭಿಕ್ಷೆಗೆ ಬಂದ ಗುರುಗಳು, ಆ ಸಂಸಾರ ದಿನವೂ ಬೇಯಿಸಿ ತಿನ್ನುತ್ತಿದ್ದ ಅವರೆಯ ಬಳ್ಳಿಯನ್ನೇ ಕಿತ್ತೆಸೆದು ಹೊರಟುಬಿಡುತ್ತಾರೆ, ಹೆಂಡತಿ ಬೈಯುತ್ತಾಳೆ, ಬೇರು ಅಗೆದಾಗ ಹೊನ್ನಿನ ಕೊಡ. ಪಾರಾಯಣ ಗ್ರಂಥದಲ್ಲಿ ಇದೇ ಪ್ರಸಂಗಕ್ಕೆ ಬರುವ ಹೊತ್ತಿಗೆ ನದಿಗಳ, ತೀರ್ಥಗಳ ಮಹಾತ್ಮೆಯಲ್ಲಿ ಸುತ್ತಿ ಸುತ್ತಿ ಬಳ್ಳಿ ಎಲ್ಲಿತ್ತೆಂದೇ ಮರೆತಿರುತ್ತೇವೆ.

ನಮ್ಮ ಮನೆಯಲ್ಲಿ ಹೆಚ್ಚು ಮಾತು ಎಬ್ಬಿಸಿದ್ದು ಜೋಳದ ಹೊಲದ ಕಥೆ. ಗುರುಗಳು ಸಂಗಮಕ್ಕೆ ಹೋಗುವ ದಾರಿಯಲ್ಲಿ ಒಬ್ಬ ರೈತನ ಹೊಲ. ಅವನು ದಿನವೂ ಓಡಿಬಂದು ಅಡ್ಡಬೀಳುತ್ತಾನೆ. ಒಂದು ದಿನ ಗುರುಗಳು, ನಾನು ಸಂಗಮದಿಂದ ತಿರುಗಿ ಬರುವಷ್ಟರಲ್ಲಿ ಬೆಳೆಯನ್ನೆಲ್ಲ ಕೊಯ್ದು ಹಾಕು ಎನ್ನುತ್ತಾರೆ. ತೆನೆ ಇನ್ನೂ ಕಾಳು ಕಟ್ಟಿಲ್ಲ. ಅವನು ಕುಡುಗೋಲು ಹಿಡಿದೇಬಿಡುತ್ತಾನೆ. ಹೆಂಡತಿ ಮಕ್ಕಳು ಬಾಯಿ ಬಡಿದುಕೊಳ್ಳುತ್ತಾರೆ, ಹೆಂಡತಿ ಊರ ಅಧಿಕಾರಿಯ ತನಕ ದೂರು ಒಯ್ಯುತ್ತಾಳೆ. ಕೆಲ ದಿನಕ್ಕೆ ಚಳಿಗಾಳಿ, ಅಕಾಲದ ಮಳೆ ಬಂದು ಸುತ್ತಲಿನವರ ಬೆಳೆ ಹಾಳು. ಇವನ ಕೂಳೆಗಳು ಮಾತ್ರ ಮತ್ತೆ ಚಿಗುರಿ ಎಷ್ಟೋ ಪಟ್ಟು ಬೆಳೆ.

ಅತ್ತೆಯವರು ಕರಿ ನೆಲದಲ್ಲಿ ಹಿಂಗಾರಿ ಜೋಳ, ಮುಂಗಾರಿಗೆ ತೊಗರಿ ಬಿತ್ತಿ ಬೆಳೆದ ಕೈಯವರು. ಪವಾಡ ಎನ್ನಲು ಅವರು ಮೊದಲಿಗೆ ಸಿದ್ಧರಿರಲಿಲ್ಲ. ನೆಲದಲ್ಲಿ ಹಸಿ ಇದ್ದರೆ ಜೋಳದ ಕೂಳೆ ಚಿಗುರೇ ಚಿಗುರುತ್ತದೆ, ನಾವೂ ಕಂಡಿದ್ದೇವೆ, ಆದರೆ ಅಷ್ಟು ತೆನೆ ಬಿಡುವುದಿಲ್ಲ ಎಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, ಆ ಹೆಂಡತಿ ದೂರು ಕೊಟ್ಟದ್ದು ಸರಿ, ನಾನಿದ್ದರೂ ಗೌಡರ ಮನೆಗೆ ಹೋಗುತ್ತಿದ್ದೆ ಎಂದರು. ಮರುದಿನ ಪಕ್ಕದ ಮನೆಯವರು ಬಂದಾಗ ಕಥೆಯನ್ನು ಪೂರ್ತಿ ಅವರೇ ಹೇಳಿದರು, ಮಳೆಯ ನಕ್ಷತ್ರ ತಾವೇ ಸೇರಿಸಿ. ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ನಾನು ಕೊಡಲಾರೆ. ಒಮ್ಮೆ ಕೇಳಿದವರು ಮರುದಿನ ಇನ್ನೊಬ್ಬರಿಗೆ ಹೇಳುವಷ್ಟು ಸಲೀಸಾಗಿ ಗದ್ಯ ಕಿವಿಗೆ ಇಳಿದಿದೆ.

ನನಗೆ ಹಿಡಿಸಿದ್ದು ಬೇರೆ ಪ್ರಸಂಗ. ಹಿಪ್ಪರಗಿಯ ಕಲ್ಲೇಶ್ವರನ ಭಕ್ತನಾದ ಕವಿಯೊಬ್ಬ ದಿನವೂ ದೇವರ ಮೇಲೆ ಪದ್ಯ ಕಟ್ಟುತ್ತಾನೆ. ಗುರುಗಳ ಮೇಲೂ ಕಟ್ಟು ಎಂದವರಿಗೆ, ನನ್ನ ನಾಲಗೆಯನ್ನು ಕಲ್ಲೇಶ್ವರನಿಗೆ ಮಾರಿಕೊಂಡಿದ್ದೇನೆ, ಮನುಷ್ಯರನ್ನು ಹೊಗಳಲಾರೆ ಎಂದುಬಿಡುತ್ತಾನೆ. ಆಮೇಲೆ ಲಿಂಗವಿದ್ದಲ್ಲಿ ಗುರುಗಳೇ ಕುಳಿತ ಕನಸು ಬಿದ್ದು ಶರಣಾಗುತ್ತಾನೆ, ಅದು ಇರಲಿ. ಅವನ ಮೊದಲ ಹಟವೇ ನನಗೆ ಚೆಂದ. ಶಿವನ ಕಡೆಯವರು ನಾವು, ಪಕ್ಷಪಾತ ಇದ್ದೇ ಇರುತ್ತದೆ.

ಗಂಭೀರವಾಗಿ ಹೇಳಬೇಕಾದ್ದು 14 ಮತ್ತು 50ನೆಯ ಅಧ್ಯಾಯಗಳ ಬಗ್ಗೆ. ಇಡೀ ಗ್ರಂಥ ಓದಲಾಗದವರು ದಿನವೂ 14ನೆಯದೊಂದನ್ನೇ ಓದುವ ರೂಢಿ ಇದೆ. ಕ್ರೂರಿಯಾದ ಯವನ (ಗ್ರಂಥದ ಮಾತಿನಲ್ಲಿ ಮುಸ್ಲಿಂ) ಅಧಿಕಾರಿ ಸಾಯಂದೇವನನ್ನು ಕೊಲ್ಲಲು ಕರೆಸಿದ್ದು, ಗುರುಕೃಪೆಯಿಂದ ಅದೇ ಅಧಿಕಾರಿ ಮರ್ಯಾದೆ ಮಾಡಿ ಕಳಿಸಿದ್ದು ಅಲ್ಲಿನ ಕಥೆ. ಸಂಕಟ ಪರಿಹಾರಕ್ಕೆಂದು ಓದುತ್ತಾರೆ. ಅಂಗಡಿಯಲ್ಲಿ ಅದೊಂದನ್ನೇ ಹತ್ತಿಪ್ಪತ್ತು ರೂಪಾಯಿಗೆ ಬಿಡಿಯಾಗಿಯೂ ಮಾರುತ್ತಾರೆ. ಅಲ್ಲಿಗೇ ನಿಂತವರಿಗೆ ಗುರುಚರಿತ್ರೆ ಎಂದರೆ ಯವನರ ಭಯದ ಪುಸ್ತಕ ಎನ್ನಿಸಿದರೆ ಆಶ್ಚರ್ಯವಿಲ್ಲ. ಆದರೆ 9ನೆಯ ಅಧ್ಯಾಯದಲ್ಲಿ ಒಬ್ಬ ಅಗಸ ಬರುತ್ತಾನೆ. ಕುರುಗಡ್ಡೆಯಲ್ಲಿ ಶ್ರೀಪಾದರ ಬಟ್ಟೆ ಒಗೆಯುವ ಸೇವೆ ಅವನದು. ಹೊಳೆಯಲ್ಲಿ ಯವನ ರಾಜನೊಬ್ಬ ನಾವೆಯೇರಿ ವೈಭವದಿಂದ ವಿಹರಿಸುವುದನ್ನು ಕಂಡು, ಮೈಮರೆತು ನೋಡುತ್ತಾ ನಿಲ್ಲುತ್ತಾನೆ. ಆಸೆಯಾಯಿತೇ ಎಂದು ಕೇಳಿದ ಶ್ರೀಪಾದರು, ಮುಂದಿನ ಜನ್ಮದಲ್ಲಿ ನೀನು ರಾಜನಾಗು ಎಂದು ಹರಸುತ್ತಾರೆ. ಆ ಅಗಸನೇ 50ನೆಯ ಅಧ್ಯಾಯದಲ್ಲಿ ಬೀದರಿನ ದೊರೆ. ತೊಡೆಯ ಹುಣ್ಣು ಯಾವ ವೈದ್ಯಕ್ಕೂ ಬಗ್ಗದೆ, ಹುಡುಕಿಕೊಂಡು ಸಂಗಮಕ್ಕೆ ಬರುತ್ತಾನೆ. "ಎಲೋ ಅಗಸಾ, ಇಷ್ಟು ದಿನ ಎಲ್ಲಿದ್ದೆ?" ಎಂಬ ಅರ್ಥದಲ್ಲಿ ಗುರುಗಳು ಕರೆಯುತ್ತಾರೆ, ಅವನಿಗೆ ಹಿಂದಿನದೆಲ್ಲ ನೆನಪಾಗಿ ಅಳು ಬರುತ್ತದೆ, ಹುಣ್ಣು ಮಾಯವಾಗುತ್ತದೆ. ಗುರುಗಳನ್ನು ಪಲ್ಲಕ್ಕಿಯಲ್ಲಿ ಬೀದರಿಗೆ ಕರೆದೊಯ್ಯುತ್ತಾನೆ.

ಗ್ರಂಥದ ಎರಡು ತುದಿಯಲ್ಲಿ ಹೀಗೆ ಒಂದು ದಾರ ಕಟ್ಟಿದ್ದಾರೆ. ಸಂಪ್ರದಾಯ ಸಲೀಸಾಗಿ ಒಪ್ಪಿಕೊಂಡಿದೆ ಎಂದಲ್ಲ. ಯವನ ರಾಜರು ಇನ್ನು ಮೇಲಿಂದ ಮೇಲೆ ಬರತೊಡಗುತ್ತಾರೆ ಎಂದೇ ಗುರುಗಳು ಗುಪ್ತರಾಗಲು ನಿಶ್ಚಯಿಸಿದರು ಎಂದು ಅದೇ ಗ್ರಂಥ ಹೇಳುತ್ತದೆ. ಎರಡೂ ಇವೆ, ಎರಡನ್ನೂ ಓದಬೇಕು. ಗುರುಗಳ ಕಾಲ ಸಂಪ್ರದಾಯದ ಲೆಕ್ಕದಲ್ಲಿ 14ನೆಯ ಶತಮಾನದ ಕೊನೆ, 15ರ ಮೊದಲರ್ಧ. ಬಹಮನಿ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಸರಿದದ್ದೂ ಆಗಲೇ. ಸೂಫಿ ಸಂತ ಖ್ವಾಜಾ ಬಂದೇ ನವಾಜರು ಕಲಬುರಗಿಯಲ್ಲಿ ತೀರಿಕೊಂಡದ್ದು 1422ರಲ್ಲಿ. ಒಂದೇ ಸೀಮೆ, ಒಂದೇ ಕಾಲ. ಗದ್ಯಾನುವಾದದ ಮುನ್ನುಡಿಯಲ್ಲಿ ಇದರ ಒಂದು ಸಾಲಾದರೂ ಇದ್ದರೆ ನಮ್ಮ ಭಾಗದ ಓದುಗರಿಗೆ ಪುಸ್ತಕ ಬೇರೆಯೇ ಕಾಣುತ್ತಿತ್ತು. ಇಲ್ಲ.

ಇದರಿಂದ ಗದ್ಯಾನುವಾದದ ತಪ್ಪುಗಳಿಗೆ ಬಂದಂತಾಯಿತು. ಮುನ್ನುಡಿ ಬರೀ ಮಹಿಮೆ. ಅನುವಾದಕರ ಹೆಸರು ಎಲ್ಲಿಯೂ ಇಲ್ಲ. ಇಷ್ಟು ಒಳ್ಳೆಯ ಕೆಲಸ ಮಾಡಿದವರನ್ನು ಹೀಗೆ ಅಳಿಸಬಾರದು. ಅಡಿಟಿಪ್ಪಣಿ ಒಂದೂ ಇಲ್ಲ. ಮೂಲದಲ್ಲಿ ವೈದುರಾ ನಗರ ಎಂದಿರುವುದನ್ನು ಹಾಗೆಯೇ ಅಚ್ಚು ಹಾಕಿದ್ದಾರೆ. ಇದು ನಮ್ಮ ಬೀದರು ಎಂದು ಗೊತ್ತಿಲ್ಲದವರು ಉತ್ತರದ ಯಾವುದೋ ಊರು ಎಂದುಕೊಂಡು ಮುಂದೆ ಹೋಗುತ್ತಾರೆ. ಒಂದು ನಕಾಶೆಯಂತೂ ಬೇಕೇ ಬೇಕಿತ್ತು. ಕುರುಗಡ್ಡೆ, ಗಾಣಗಾಪುರ, ಕುಮಸಿ, ಕಡಗಂಚಿ, ಬೀದರು, ಶ್ರೀಶೈಲ, ಇವುಗಳನ್ನು ಒಂದು ಪುಟದಲ್ಲಿ ಚುಕ್ಕಿಯಿಟ್ಟು ತೋರಿಸಲು ಎಷ್ಟು ಖರ್ಚಾದೀತು? 36ನೆಯ ಅಧ್ಯಾಯವನ್ನು ನಾಲ್ಕು ಪುಟಕ್ಕೆ ಇಳಿಸಿದ್ದಾರೆ. ಕೇಳುವವರಿಗೆ ಅದು ಉಪಕಾರ, ನಾನು ದೂರುವುದಿಲ್ಲ. ಆದರೆ ಇಳಿಸಿದ್ದೇವೆ ಎಂದು ಹೇಳಬೇಕಾಗಿತ್ತು.

ಕ್ಷಮಿಸಲಾಗದ್ದು ಇನ್ನೊಂದು. ಮರಾಠಿ ಗುರುಚರಿತ್ರೆಯ ಹೊಟ್ಟೆಯೊಳಗೆ ಕನ್ನಡದ ಹಾಡು ಇದೆ. ಸಾಯಂದೇವನ ಪ್ರಸಂಗದಲ್ಲಿ ಗುರುಗಳ ಎದುರು ಭಕ್ತಿಯುಕ್ಕಿ ಹಾಡಿದ್ದು, "ಕಂಡೆನಿಂದು ಭಕ್ತಜನರ ಭಾಗ್ಯನಿಧಿಯ" ಎಂದು ಶುರುವಾಗುತ್ತದೆ. ಮರಾಠಿ ಬರೆಯುತ್ತಾ ಕುಳಿತ ಕವಿ ಅಲ್ಲಿ ತನ್ನ ಮನೆಮಾತಿಗೆ ಇಳಿದಿದ್ದಾನೆ. ಕನ್ನಡ ಬಾರದ ಲಕ್ಷಾಂತರ ಮರಾಠಿ ಭಕ್ತರು ಈ ಸಾಲುಗಳನ್ನು ನಾಗರಿ ಲಿಪಿಯಲ್ಲಿ, ಅರ್ಥ ತಿಳಿಯದೆ, ಭಕ್ತಿಯಿಂದ ಉಚ್ಚರಿಸುತ್ತಾ ಬಂದಿದ್ದಾರೆ. ಶತಮಾನಗಳಲ್ಲಿ ಸಾಲುಗಳು ಸವೆದು, ಪದಗಳು ಎಲ್ಲಿ ಮುಗಿಯುತ್ತವೆ ಎಲ್ಲಿ ಶುರುವಾಗುತ್ತವೆ ಎಂಬುದೇ ಗೊಂದಲವಾಗಿದೆ. ಅದು ಅವರ ತಪ್ಪಲ್ಲ. ಆದರೆ ಕನ್ನಡ ಅನುವಾದ ಮಾಡುವವರು ಆ ಕೆಟ್ಟ ಪಾಠವನ್ನೇ ಅಕ್ಷರಕ್ಕೆ ಅಕ್ಷರ ಕನ್ನಡ ಲಿಪಿಗೆ ಇಳಿಸಿ, ಅರ್ಥವಾಗದ ಪದಗಳ ಸಾಲೊಂದನ್ನು ನಮಗೆ ವಾಪಸು ಕೊಟ್ಟರೆ ಏನೆನ್ನಬೇಕು? ಮೊದಲ ಸಾಲು ಹೇಗೋ ಉಳಿದಿದೆ. ಮುಂದೆ ನಮ್ಮ ಭಾಷೆಯನ್ನೇ ನಾವು ತಡವರಿಸಿಕೊಂಡು ಓದಬೇಕು. ಹಳೆಯ ಪ್ರತಿಗಳನ್ನು ಹೋಲಿಸಿ ನೋಡಬಲ್ಲ ವಿದ್ವಾಂಸರು ಕಲಬುರಗಿಯಲ್ಲಿ ಇಲ್ಲವೇ? ಹಾಡು ಹುಟ್ಟಿದ ಊರಿನಲ್ಲೇ ಒಂದು ವಿಶ್ವವಿದ್ಯಾಲಯವಿದೆ. ಪಾರಾಯಣ ಗ್ರಂಥದಲ್ಲೂ ಇದೇ ಕಥೆ, ಅಲ್ಲಿ ಮೊದಲ ಸಾಲೂ ಉಳಿದಿಲ್ಲ.

ನನ್ನ ಗದ್ಯದ ಪ್ರತಿಯಲ್ಲಿ ಹದಿನಾರು ಪುಟದ ಒಂದು ಫಾರಂ ಎರಡು ಸಲ ಹೊಲಿದುಹೋಗಿ, ಇರಬೇಕಾದ ಫಾರಂ ಬಿಟ್ಟುಹೋಗಿತ್ತು. ಮುಂದಿನ ಸಲ ಹೋದಾಗ ತೋರಿಸಿದೆ. ರಸೀದಿ ಕೇಳಲಿಲ್ಲ, ತಗಾದೆ ಮಾಡಲಿಲ್ಲ. ಹುಡುಗ ಬೇರೆ ಪ್ರತಿ ತೆಗೆದು, ಈ ಸಲ ತಾನೇ ಪುಟ ತಿರುವಿ ನೋಡಿ ಕೊಟ್ಟ. ಅಂಗಡಿಯ ಬಗ್ಗೆ ಹೇಳುವುದಾದರೆ ಅದು ದೊಡ್ಡ ಮಾತು. ಯಾತ್ರಾಸ್ಥಳದಲ್ಲಿ ಕೊಂಡ ವಸ್ತುವನ್ನು ತಿರುಗಿ ತೆಗೆದುಕೊಂಡವರನ್ನು ನಾನು ಹೆಚ್ಚು ಕಂಡಿಲ್ಲ. ಕನ್ನಡ ಪುಸ್ತಕಗಳನ್ನು ಮಾತ್ರ ಊದುಬತ್ತಿ, ಭಸ್ಮದ ಪೊಟ್ಟಣಗಳ ಹಿಂದೆ ಇಟ್ಟಿರುತ್ತಾರೆ, ಎದುರಿಗೆ ಮರಾಠಿಯ ರಾಶಿ. ಬರುವ ಗಿರಾಕಿಗಳಲ್ಲಿ ಅವರೇ ಹೆಚ್ಚು, ಒಪ್ಪುತ್ತೇನೆ. ಆದರೂ ಕರ್ನಾಟಕದ ಓಣಿಯಲ್ಲಿ ನಿಂತು "ಕನ್ನಡದ್ದು ಇದೆಯೇ?" ಎಂದು ಕೇಳಬೇಕಾದಾಗ ಗಂಟಲು ಸ್ವಲ್ಪ ಏರುತ್ತದೆ.

ಸಾರಸಂಗ್ರಹಕ್ಕೆ 40 ರೂಪಾಯಿ. ಒಂದೊಂದು ಅಧ್ಯಾಯಕ್ಕೆ ಹತ್ತು ಹನ್ನೆರಡು ಸಾಲು. ಎಮ್ಮೆಯೂ ಇದೆ, ಹಾಲೂ ಇದೆ, ಕರೆದವಳು ಇಲ್ಲ. ಬಸ್ಸಿನಲ್ಲಿ ಓದಬಹುದು, ಅಷ್ಟೇ. ಹೆಂಗಸರಿಗೆ ಇದು ಸಾಕು ಎಂದು ಯಾರಾದರೂ ಕೊಟ್ಟರೆ ತೆಗೆದುಕೊಳ್ಳಬೇಡಿ.

ಕೊಳ್ಳಲು ಹೋಗುವವರು ಗುರುವಾರ ಮತ್ತು ಹುಣ್ಣಿಮೆ ಬಿಡಿ. ದತ್ತ ಜಯಂತಿಯ ಸುತ್ತಮುತ್ತ ಓಣಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಪುಟ ತಿರುವಿ ನೋಡಲು ಯಾರೂ ಬಿಡುವುದಿಲ್ಲ. ಮಧ್ಯಾಹ್ನದ ಮಹಾಮಂಗಳಾರತಿ ಮುಗಿದು ಜನ ಚದುರಿದ ಮೇಲೆ ಅಂಗಡಿಯವರಿಗೆ ಮಾತಿಗೆ ಪುರಸೊತ್ತು ಸಿಗುತ್ತದೆ. ಪುಟಸಂಖ್ಯೆ ಸರಿಯಾಗಿದೆಯೇ ಎಂದು ಅಲ್ಲೇ ನೋಡಿಕೊಳ್ಳಿ. ವ್ರತ ಹಿಡಿದು ಸಪ್ತಾಹ ಮಾಡುವವರಿಗೆ ದಪ್ಪ ಗ್ರಂಥವೇ ಬೇಕಾಗುತ್ತದೆ. ನನ್ನದನ್ನು ಹಾಗೆ ಮಾಡುವ ನೆರೆಮನೆಯ ಕಾಕಾ ಅವರಿಗೆ ಕೊಟ್ಟಿದ್ದೇನೆ, ಅವರಿಗೆ ಅದರಲ್ಲಿ ಕುಂದೇ ಕಾಣಲಿಲ್ಲ. ಗದ್ಯದ ಹೊಸ ಮುದ್ರಣ ಬರಲಿದೆ ಎಂದು ಅಂಗಡಿಯ ಹುಡುಗ ಹೇಳುತ್ತಾನೆ. ಬಂದರೆ ಮೊದಲು ತೆಗೆದು ನೋಡುವುದು ಸಾಯಂದೇವನ ಹಾಡಿನ ಪುಟವನ್ನು. ಅದು ನೆಟ್ಟಗಾಗಿದ್ದರೆ ಇನ್ನೊಂದು ಪ್ರತಿ ಕೊಳ್ಳುತ್ತೇನೆ, ಇಲ್ಲದಿದ್ದರೆ ಇದ್ದದ್ದೇ ಸಾಕು.